ಅಪ್ಪ ಇಲ್ಲದ ಮನೆಯಲ್ಲಿ ಅಪ್ಪನ ನಗು: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ದುಡಿದು ಮನೆ ನಿಲ್ಲಿಸಿದ, ದುಡಿಯುತ್ತಲೇ ಎಲ್ಲರನ್ನೂ ನಗಿಸಿದ ಅಪ್ಪಂದಿರನ್ನು ನೆನೆದು ಕೊಡಗಿನ ಓದುಗರು ಬರೆದ ಪತ್ರಗಳಿಗೆ ಈ ಬಾರಿಯ ಅಂಕಣ ಮೀಸಲು. ಸ್ಮರಣ ಪುಸ್ತಿಕೆ ಸಿದ್ಧಪಡಿಸುವವರು, ಹಳೆ ಫೋಟೊ ಸರಿಪಡಿಸುವವರು, ಅಡುಗೆ ಮತ್ತು ತೋಟದ ಕೆಲಸ ಬಲ್ಲವರು ಸೇರಿ ಉತ್ತರಿಸಿದ್ದಾರೆ. ಕ್ರಿಯಾವಿಧಿಗಳ ವಿಚಾರವನ್ನು ಮುಟ್ಟಿಲ್ಲ. ಅದು ಮನೆತನದಿಂದ ಮನೆತನಕ್ಕೆ ಬೇರೆ, ಹಿರಿಯರಿಗೇ ಬಿಟ್ಟದ್ದು.

ಪ್ರಶ್ನೆ: ನಮ್ಮ ತಂದೆ ಮೂವತ್ತಕ್ಕೂ ಹೆಚ್ಚು ವರ್ಷ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಜೊತೆಗೆ ಎರಡು ಎಕರೆ ಸ್ವಂತ ತೋಟ. ಬಾಯಿ ತೆರೆದರೆ ತಮಾಷೆ. ವರ್ಷಾಂತಿಕಕ್ಕೆ ಒಂದು ಪುಸ್ತಿಕೆ ತರೋಣವೆಂದು ಬಂಧುಗಳಿಂದ ಬರೆಸಿದೆವು. ಎಲ್ಲರೂ ‘ಶ್ರಮಜೀವಿ, ಹಾಸ್ಯಪ್ರಿಯ, ಕುಟುಂಬವತ್ಸಲ’ ಎಂದೇ ಬರೆದುಕೊಟ್ಟಿದ್ದಾರೆ. ಇದನ್ನೇ ಅಚ್ಚು ಹಾಕಿಸುವುದೇ? (ಸೋಮವಾರಪೇಟೆ)

ಉತ್ತರ: ಬೇಡ. ಆ ಮೂರು ಮಾತು ಯಾರ ಫೋಟೊದ ಕೆಳಗೂ ಒಪ್ಪುತ್ತವೆ. ಬರೆದವರ ತಪ್ಪೇನಿಲ್ಲ. ‘ಅವರ ಬಗ್ಗೆ ನಾಲ್ಕು ಮಾತು ಬರೆದುಕೊಡಿ’ ಎಂದು ಕೇಳಿದರೆ ಬರುವುದು ಇಷ್ಟೇ. ಕೇಳುವ ರೀತಿ ಬದಲಿಸಿ, ಒಬ್ಬೊಬ್ಬರಿಗೆ ಒಂದೊಂದೇ ಪ್ರಶ್ನೆ ಕೊಡಿ. ಬೆಳಿಗ್ಗೆ ಎದ್ದ ಮೇಲೆ ಮೊದಲು ಯಾವ ಕೆಲಸಕ್ಕೆ ಕೈ ಹಾಕುತ್ತಿದ್ದರು? ಜೇಬಿನಲ್ಲಿ ಯಾವಾಗಲೂ ಏನಿರುತ್ತಿತ್ತು? ಯಾರನ್ನು ಯಾವ ಅಡ್ಡಹೆಸರಿನಿಂದ ಕರೆಯುತ್ತಿದ್ದರು? ಸಿಟ್ಟು ಬಂದರೆ ಏನು ಮಾಡುತ್ತಿದ್ದರು? ಜೋರು ಮಳೆಯಲ್ಲಿ ನೆನೆದು ಬಂದ ನೆಂಟರನ್ನು ಬಾಗಿಲಲ್ಲೇ ನಿಲ್ಲಿಸಿ ‘ಸ್ನಾನ ಆಯ್ತಲ್ಲ, ಇನ್ನು ಊಟಕ್ಕೆ ಕೂತ್ಕೊಳ್ಳಿ’ ಅನ್ನುತ್ತಿದ್ದರು ಎಂಬ ಒಂದು ಸಾಲು ಸಿಕ್ಕರೆ ‘ಹಾಸ್ಯಪ್ರಿಯ’ ಎಂಬ ಪದವೇ ಬೇಕಾಗದು.

ದುಡಿಮೆಯ ಭಾಗಕ್ಕೂ ಇದೇ ಮಾತು. ರೈಟರ್ ಕೆಲಸವೆಂದರೆ ಏನೆಂದು ಮೊಮ್ಮಕ್ಕಳಿಗೆ ತಿಳಿಯದು. ಬೆಳಗಿನ ಹಾಜರಿ, ಚೆಕ್‌ರೋಲ್ (ಆಳುಗಳ ಹಾಜರಿ-ಕೂಲಿ ಪುಸ್ತಕ) ಬರೆಯುವುದು, ಕೊಯ್ಲಿನ ಸಂಜೆ ಒಬ್ಬೊಬ್ಬರ ಹಣ್ಣು ತೂಗಿ ಕಿಲೋ ಲೆಕ್ಕ ಹಾಕುವುದು, ವಾರದ ಬಟವಾಡೆ, ಅದರ ನಡುವೆ ಜಗಳ ಬಿಡಿಸುವುದು. ಹೀಗೆ ಅವರ ಒಂದು ದಿನವನ್ನು ಗಂಟೆಗಂಟೆಗೆ ಬರೆಯಿರಿ. ಜೊತೆಗೆ ಕೆಲಸ ಮಾಡಿದ ಮೇಸ್ತ್ರಿ ಅಥವಾ ಕಾರ್ಮಿಕರ ಲೈನ್ ಮನೆಯಲ್ಲಿದ್ದ ಹಿರಿಯರೊಬ್ಬರನ್ನು ಕೇಳದೆ ಈ ಪುಟ ಮುಗಿಸಬೇಡಿ. ಬಂಧುಗಳು ಮನೆಯ ಅಪ್ಪನನ್ನಷ್ಟೇ ನೋಡಿರುತ್ತಾರೆ.

ಇಸವಿ ನೆನಪಿಲ್ಲ ಎನ್ನುವ ಹಿರಿಯರಿಗೆ ಊರಿಗೆಲ್ಲ ಗೊತ್ತಿರುವ ಘಟನೆಗಳನ್ನು ಗುರುತಾಗಿ ಕೊಡಿ. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ್ದು, ಬೆಳೆದದ್ದನ್ನೆಲ್ಲ ಕಾಫಿ ಮಂಡಳಿಗೇ ಕೊಟ್ಟು ಕಂತಿನ ದುಡ್ಡಿಗೆ ಕಾಯುತ್ತಿದ್ದ ಪೂಲ್ ಕಾಲ, ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಲೆ ಏರಿದ 1994, ಬೆಲೆ ನೆಲಕಚ್ಚಿದ 2001–02, ಗುಡ್ಡ ಜರಿದ 2018ರ ಆಗಸ್ಟ್. ‘ಬೆಲೆ ಬಿದ್ದ ವರ್ಷ ಮನೆ ಹೇಗೆ ನಡೆಸಿದರು?’ ಎಂದು ಕೇಳಿ ನೋಡಿ, ಅಲ್ಲಿಯವರೆಗೆ ಯಾರೂ ಹೇಳದ ಮಾತು ಹೊರಬರುತ್ತದೆ. ಹುಟ್ಟಿದ ದಿನಾಂಕದ ಬಗ್ಗೆಯೂ ಎಚ್ಚರ. ದಾಖಲೆಯಲ್ಲಿ ಜೂನ್ 1 ಎಂದಿದ್ದರೆ ಅದು ಶಾಲೆಗೆ ಸೇರಿಸಿದಾಗ ಮೇಷ್ಟ್ರು ಬರೆದ ತಾರೀಖೂ ಆಗಿರಬಹುದು. ಜಾತಕ ಇದ್ದರೆ ತಾಳೆ ನೋಡಿ, ಇಲ್ಲವಾದರೆ ಇಸವಿಯನ್ನಷ್ಟೇ ಹಾಕಿ.

ಅಚ್ಚಿನ ಲೆಕ್ಕ ಹೀಗೆ. ನಡುವೆ ಪಿನ್ ಹೊಡೆಯುವ ಪುಸ್ತಿಕೆಯ ಪುಟಗಳು ನಾಲ್ಕರ ಗುಣಕದಲ್ಲಿರಬೇಕು: 12, 16, 20. ಎ5 ಅಳತೆಯ 16 ಪುಟಕ್ಕೆ ಏಳೆಂಟು ಫೋಟೊ ಹಾಕಿದರೆ ಸುಮಾರು ಎರಡು ಸಾವಿರ ಪದ ಹಿಡಿಯುತ್ತದೆ. ಅದಕ್ಕಿಂತ ಹೆಚ್ಚು ತುರುಕಿದರೆ ಅಕ್ಷರ ಚಿಕ್ಕದಾಗಿ, ಯಾರಿಗಾಗಿ ಅಚ್ಚಾಯಿತೋ ಆ ಹಿರಿಯರೇ ಓದಲಾರರು. ಮೊಬೈಲಿನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್. ಪ್ರೆಸ್ಸಿನವರು ಅದನ್ನು ನುಡಿ ತಂತ್ರಾಂಶದ ಅಕ್ಷರಕ್ಕೆ ತಿರುಗಿಸಿಕೊಳ್ಳುವಾಗ ಒತ್ತಕ್ಷರ ಮತ್ತು ಅರ್ಕಾವತ್ತು ಆಚೀಚೆ ಆಗುವುದುಂಟು. ಆದ್ದರಿಂದ ಕೊನೆಯ ಕರಡನ್ನು ಕಾಗದದ ಮೇಲೆ ತೆಗೆಸಿ, ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕರಡಿನ ಮೇಲೆ ಬೆರಳಿಟ್ಟು ಹೋಗಬೇಕು. ಮನೆತನದ ಹೆಸರು, ಇನಿಶಿಯಲ್ಲು, ಸೊಸೆ ಅಳಿಯಂದಿರ ಹೆಸರು, ಇವುಗಳಿಗೇ ಒಂದು ಸುತ್ತು ಬೇರೆ ಇಡಿ. ಪುಸ್ತಿಕೆಗಳಿಂದ ಮನಸ್ತಾಪ ಹುಟ್ಟುವುದು ಹೊಗಳಿಕೆ ಕಡಿಮೆಯಾಗಿ ಅಲ್ಲ, ಯಾರದೋ ಹೆಸರು ಬಿಟ್ಟುಹೋಗಿ. ವಂಶವೃಕ್ಷದ ಪುಟವನ್ನು ಅಚ್ಚಿಗೆ ಮೊದಲು ಎರಡೂ ಕಡೆಯ ಹಿರಿಯರಿಗೆ ತೋರಿಸಿ ಸಹಿ ಹಾಕಿಸಿಕೊಂಡರೂ ತಪ್ಪಿಲ್ಲ!

ಪ್ರಶ್ನೆ: ಪತ್ರಿಕೆಯಲ್ಲಿ ಸ್ಮರಣೆಯ ಜಾಹೀರಾತು ಕೊಟ್ಟೆವು. ಮುಖ ಮಸುಕಾಗಿ ಬಂತು. ಯಾಕೆ? (ಕುಶಾಲನಗರ)

ಉತ್ತರ: ಫೋಟೊವನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದೇ ಕಳಿಸಿರುತ್ತೀರಿ, ಅದು ಕುಗ್ಗಿಸಿ ಕಳಿಸುತ್ತದೆ. ‘ಡಾಕ್ಯುಮೆಂಟ್’ ಆಯ್ಕೆಯಿಂದ ಕಳಿಸಿ, ಇಲ್ಲವೇ ಪೆನ್ ಡ್ರೈವ್ ಕೊಡಿ. ಗುಂಪು ಫೋಟೊದಿಂದ ಕತ್ತರಿಸಿದ ಮುಖವೂ ಹೀಗೇ ಆಗುತ್ತದೆ. ಎರಡು ಕಾಲಂ ಅಗಲದ ಸಣ್ಣ ಜಾಗಕ್ಕೆ ಹಿನ್ನೆಲೆ ಸಾದಾ ಇರುವ, ಮುಖವೇ ಹೆಚ್ಚು ಜಾಗ ತುಂಬುವ ಚಿತ್ರ ಬೇಕು. ಅರವತ್ತು ಪದ ದಾಟಬೇಡಿ.

ಪ್ರಶ್ನೆ: ಅಪ್ಪ ಊರಿಗೆಲ್ಲ ನಗೆಗಾರ. ಶ್ರದ್ಧಾಂಜಲಿ ಸಭೆಯಲ್ಲಿ ಅವರ ತಮಾಷೆ ಹೇಳೋಣವೆಂದರೆ ದೊಡ್ಡಪ್ಪ ‘ಸಾವಿನ ಮನೆಯಲ್ಲಿ ನಗುವುದೇ?’ ಎನ್ನುತ್ತಾರೆ. (ನಾಪೋಕ್ಲು)

ಉತ್ತರ: ದೊಡ್ಡಪ್ಪನವರ ಮಾತಿನಲ್ಲಿ ಅರ್ಥವಿದೆ. ಎಲ್ಲ ಹೊತ್ತೂ ಅದಕ್ಕೆ ಹೊತ್ತಲ್ಲ. ಕ್ರಿಯೆ ಮುಗಿದು, ಮೌನಾಚರಣೆ ಮುಗಿದು, ಊಟಕ್ಕೆ ಏಳುವ ಮೊದಲು ಒಂದು ಬಿಡುವು ಇರುತ್ತದಲ್ಲ, ಅದು ಸರಿಯಾದ ಜಾಗ. ಮಾತು ನಾಲ್ಕು ನಿಮಿಷ ಮೀರದಿರಲಿ. ನಿಧಾನವಾಗಿ ಓದಿದರೆ ನಿಮಿಷಕ್ಕೆ ನೂರು ಪದ, ಅಂದರೆ ಬರೆದಿಟ್ಟುಕೊಳ್ಳಬೇಕಾದ್ದು ನಾನೂರು ಪದ ಅಷ್ಟೆ. ಅವರು ತಮ್ಮನ್ನೇ ಗೇಲಿ ಮಾಡಿಕೊಂಡ ಪ್ರಸಂಗಗಳನ್ನು ಮೊದಲು ಆರಿಸಿ, ಅವುಗಳಿಂದ ಯಾರಿಗೂ ನೋವಿಲ್ಲ. ಬದುಕಿರುವ ಯಾರದೋ ಮೇಲಿನ ತಮಾಷೆಯಾದರೆ ಅವರನ್ನು ಮೊದಲೇ ಕೇಳಿ. ಕುಡಿತ, ಸಾಲ, ಹೆಂಡತಿ ಕಡೆಯವರು ಈ ಮೂರು ವಿಷಯದ ಜೋಕುಗಳನ್ನು ಮನೆಯಲ್ಲೇ ಬಿಡಿ. ಅವರಂತೆ ದನಿ ಮಾಡಿ ಅಭಿನಯಿಸಲು ಹೋಗಬೇಡಿ, ಅಮ್ಮ ಎದುರಿಗೇ ಕೂತಿರುತ್ತಾರೆ. ಮಾತನ್ನು ಅವರು ಆಡಿದಂತೆಯೇ, ಆಡಿದ ಭಾಷೆಯಲ್ಲೇ ಒಪ್ಪಿಸಿದರೆ ಸಾಕು. ಸಭೆ ನಗದಿದ್ದರೆ ವಿವರಿಸಬೇಡಿ, ಮುಂದಿನ ಮಾತಿಗೆ ಹೋಗಿ. ಬರೆದದ್ದನ್ನು ಹಿಂದಿನ ದಿನ ದೊಡ್ಡಪ್ಪನಿಗೇ ಓದಿ ತೋರಿಸಿ. ಅವರು ಇನ್ನೊಂದು ಪ್ರಸಂಗ ಸೇರಿಸುವ ಸಂಭವವೇ ಹೆಚ್ಚು.

ಪ್ರಶ್ನೆ: ಹಾಲಿನಲ್ಲಿ ತೂಗುಹಾಕಿದ ಅಪ್ಪ-ಅಮ್ಮನ ಮದುವೆ ಫೋಟೊಗೆ ಬೂಷ್ಟು ಹಿಡಿದು, ಒಂದು ಮೂಲೆ ಗಾಜಿಗೆ ಅಂಟಿಕೊಂಡಿದೆ. ಅಪ್ಪ ಒಬ್ಬರೇ ಇರುವ ಫೋಟೊ ಎಂದರೆ ಒಂದು ಪಾಸ್‌ಪೋರ್ಟ್ ಅಳತೆಯದು ಮಾತ್ರ. ಅದನ್ನು ದೊಡ್ಡದು ಮಾಡಿಸಬಹುದೇ? (ಭಾಗಮಂಡಲ)

ಉತ್ತರ: ಅಂಟಿದ ಫೋಟೊವನ್ನು ಎಳೆಯಬೇಡಿ, ಬ್ಲೇಡ್ ತೂರಿಸಬೇಡಿ. ಚಿತ್ರ ಇರುವುದು ಕಾಗದದ ಮೇಲಿನ ತೆಳ್ಳನೆಯ ಜೆಲಟಿನ್ ಪದರದಲ್ಲಿ. ಮಳೆಗಾಲದ ತೇವಕ್ಕೆ ಅದು ಮೆತ್ತಗಾಗಿ ಗಾಜನ್ನು ಹಿಡಿದುಕೊಂಡಿರುತ್ತದೆ. ಎಳೆದರೆ ಕಾಗದ ಕೈಗೆ ಬರುತ್ತದೆ, ಮುಖ ಗಾಜಿನ ಮೇಲೆ ಉಳಿಯುತ್ತದೆ. ನೀರಲ್ಲಿ ನೆನೆಸಿ ಬಿಡಿಸುವ ವಿಧಾನವೊಂದಿದೆ, ಆದರೆ ಅದು ಕೈ ಪಳಗಿದವರ ಕೆಲಸ. ಇಂಕ್‌ಜೆಟ್‌ನಲ್ಲಿ ತೆಗೆದ ಪ್ರತಿಯಾದರೆ ನೀರು ಸೋಕಿದ ಕೂಡಲೇ ಬಣ್ಣ ಹರಿಯುತ್ತದೆ.

ಮೊದಲು ಗಾಜಿನ ಸಮೇತ ಪ್ರತಿ ಮಾಡಿಸಿಕೊಳ್ಳಿ. ಇಲ್ಲೇ ಬಹಳ ಜನ ಎಡವುವುದು. ಜೆರಾಕ್ಸ್ ಅಂಗಡಿಯ ತೆಳ್ಳನೆಯ ಸ್ಕ್ಯಾನರುಗಳಲ್ಲಿ ಸಾಮಾನ್ಯವಾಗಿ ಇರುವುದು ಸಿಐಎಸ್ ಬಗೆಯ ಕಣ್ಣು. ತನ್ನ ಗಾಜಿಗೆ ತಾಗಿದ್ದು ಮಾತ್ರ ಅದಕ್ಕೆ ಸ್ಪಷ್ಟ. ನಡುವೆ ಫ್ರೇಮಿನ ಎರಡು ಮಿಲಿಮೀಟರ್ ಗಾಜು ಬಂದರೆ ಚಿತ್ರ ಮಂಜು ಕವಿದಂತಾಗುತ್ತದೆ. ಸಿಸಿಡಿ ಬಗೆಯ, ದಪ್ಪ ಮೈಯ ಸ್ಕ್ಯಾನರ್ ಇರುವ ಸ್ಟುಡಿಯೊ ಹುಡುಕಿ. ಸಿಗದಿದ್ದರೆ ಒಳ್ಳೆಯ ಕ್ಯಾಮೆರಾದಲ್ಲಿ ತೆಗೆಸಿ: ಚೌಕಟ್ಟು ಗೋಡೆಗೆ ನೇರ, ಬೆಳಕು ಎರಡೂ ಬದಿಯಿಂದ 45 ಡಿಗ್ರಿಯಲ್ಲಿ, ಕ್ಯಾಮೆರಾದ ಹಿಂದೆ ಕಪ್ಪು ಬಟ್ಟೆ. ಬಟ್ಟೆ ಇಲ್ಲದಿದ್ದರೆ ತೆಗೆಯುವವರ ಅಂಗಿಯೇ ಗಾಜಿನಲ್ಲಿ ಮೂಡುತ್ತದೆ.

ಬೂಷ್ಟನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಅದು ಜೆಲಟಿನ್ ಒಳಗೆ ಇನ್ನಷ್ಟು ಇಳಿಯುತ್ತದೆ. ಗಾಜಿನಿಂದ ಬಿಡಿಯಾಗಿರುವ ಫೋಟೊಗಳನ್ನು ಒಣ ಕೋಣೆಯಲ್ಲಿ ಎರಡು ಮೂರು ದಿನ ಹರಡಿ. ಬೂಷ್ಟು ಪುಡಿಯಾದ ಮೇಲೆ ಮನೆಯ ಹೊರಗೆ, ಮೂಗಿಗೆ ಮಾಸ್ಕ್ ಹಾಕಿಕೊಂಡು, ಮೆತ್ತನೆಯ ಕುಂಚದಿಂದ ನಡುವಿನಿಂದ ಅಂಚಿಗೆ ಗುಡಿಸಿ. ಬಿಸಿಲಿಗೆ ಮಾತ್ರ ಇಡಬೇಡಿ. ಎಂಬತ್ತರ ದಶಕದ ಕಲರ್ ಫೋಟೊಗಳು ಕೆಂಪಡರಿರುವುದು ಬೂಷ್ಟಿನಿಂದಲ್ಲ, ಅದರೊಳಗಿನ ನೀಲಿ-ಹಸಿರು ಬಣ್ಣ ಕಾಲಕ್ರಮೇಣ ಕಳೆದುಹೋಗಿರುತ್ತದೆ. ಅದನ್ನು ಸ್ಕ್ಯಾನ್ ಮಾಡಿದ ಮೇಲೆ ಕಂಪ್ಯೂಟರಿನಲ್ಲಿ ತಕ್ಕಮಟ್ಟಿಗೆ ತಿದ್ದಬಹುದು.

ಪಾಸ್‌ಪೋರ್ಟ್ ಫೋಟೊದ ಲೆಕ್ಕ ಹೇಳುತ್ತೇವೆ. 35×45 ಮಿ.ಮೀ. ಚಿತ್ರವನ್ನು 1200 ಡಿಪಿಐಯಲ್ಲಿ (ಇಂಚಿಗೆ 1200 ಚುಕ್ಕಿ) ಸ್ಕ್ಯಾನ್ ಮಾಡಿದರೆ ಸುಮಾರು 1650×2125 ಚುಕ್ಕಿ ಸಿಗುತ್ತದೆ. ಇಂಚಿಗೆ 300 ಚುಕ್ಕಿಯಂತೆ ಅಚ್ಚು ಹಾಕಿದರೆ ಐದೂವರೆ ಇಂಚಿಗೆ ಏಳಿಂಚು. 6×8 ಇಂಚಿನವರೆಗೆ ನಿಶ್ಚಿಂತೆಯಿಂದ ಹೋಗಬಹುದು. 12×18 ಮಾಡಿಸಿದರೆ ಕೂದಲು, ಹುಬ್ಬು ಕಲಸಿಹೋಗುತ್ತವೆ. ಆಗ ಸ್ಟುಡಿಯೊದವರು ಮುಖವನ್ನು ‘ಸ್ಮೂತ್’ ಮಾಡಿ ಕೊಡುತ್ತಾರೆ, ಅಪ್ಪ ಅಪ್ಪನ ಹಾಗೆ ಕಾಣುವುದಿಲ್ಲ. ಈಗಿನ ಎಐ ಆ್ಯಪ್‌ಗಳು ಇನ್ನೂ ಒಂದು ಹೆಜ್ಜೆ ಮುಂದೆ: ಇಲ್ಲದ ಹಲ್ಲು, ಇಲ್ಲದ ನಗು ತಾವೇ ಸೇರಿಸುತ್ತವೆ. ದೊಡ್ಡ ಚಿತ್ರವೇ ಬೇಕೆಂದರೆ ಸಣ್ಣ ಫೋಟೊವನ್ನು ಮಧ್ಯದಲ್ಲಿಟ್ಟು ಸುತ್ತ ಮೂರು ಇಂಚು ಬಿಳಿ ಮೌಂಟ್ ಬಿಡಿಸಿ. ಗೋಡೆಯ ಮೇಲೆ ಗಾತ್ರವೂ ಬರುತ್ತದೆ, ಫೋಟೊ ಗಾಜಿಗೆ ತಾಗುವುದೂ ತಪ್ಪುತ್ತದೆ.

ತೂಗುಹಾಕುವ ಜಾಗವನ್ನೂ ಬದಲಿಸಿ. ಮಳೆ ಬಡಿಯುವ ಪಡುವಣ ಗೋಡೆ ಬೇಡ, ಒಳಗೋಡೆ ಇರಲಿ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಾಟಲಿಯ ಬಿರಡೆಯ ಚೂರು ಅಂಟಿಸಿದರೆ ಗಾಳಿ ಆಡುತ್ತದೆ. ಹಸಿ ಹೂವಿನ ಹಾರದ ನೀರು ಇಳಿದು ಗಾಜಿನ ಕೆಳ ಅಂಚಿನಿಂದ ಒಳಗೆ ಸೇರುವುದರಿಂದ ಶ್ರೀಗಂಧದ ಚಕ್ಕೆಯ ಹಾರ ಮೇಲು. ಹಸಿ ಹೂವೇ ಆಗಬೇಕೆಂದರೆ ಸಂಜೆಗೆ ತೆಗೆಯಿರಿ. ಕುಂಕುಮ ಗಾಜಿನ ಮೇಲೆ, ದೀಪ ಒಂದು ಮೊಳ ದೂರ. ಉಳಿದ ಫೋಟೊಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಚಪ್ಪಲಿ ಡಬ್ಬಿಯಷ್ಟು ದೊಡ್ಡದಕ್ಕೆ 50 ಗ್ರಾಂ ಸಾಕು. ಕಿತ್ತಳೆ ಬಣ್ಣದ ಕಾಳು ಹಸಿರಾದರೆ ತೇವ ತುಂಬಿತೆಂದು ಅರ್ಥ, ದಪ್ಪ ತವಾದ ಮೇಲೆ ಸಣ್ಣ ಉರಿಯಲ್ಲಿ ಒಣಗಿಸಿ ಮತ್ತೆ ಬಳಸಿ. ಒಲೆಯ ಮೇಲಿನ ಅಟ್ಟದಲ್ಲಿ ಇಡುವ ಹಳೆಯ ರೂಢಿ ತೇವದಿಂದ ಕಾಪಾಡುತ್ತದೆ ನಿಜ, ಆದರೆ ಹೊಗೆ ಹಿಡಿಸುತ್ತದೆ.

ಪ್ರಶ್ನೆ: ಮರಣ ಪ್ರಮಾಣಪತ್ರ ಎಷ್ಟು ಪ್ರತಿ ಬೇಕು? (ಶನಿವಾರಸಂತೆ)

ಉತ್ತರ: ಎಂಟು ಹತ್ತು ಇರಲಿ. ಬ್ಯಾಂಕ್, ವಿಮೆ, ಪೌತಿ ಖಾತೆ (ಜಮೀನು ವಾರಸುದಾರರ ಹೆಸರಿಗೆ ಮಾಡಿಸುವುದು), ಸಿಮ್ ವರ್ಗಾವಣೆ ಎಲ್ಲಕ್ಕೂ ಕೇಳುತ್ತಾರೆ. ಸಾವಿನ ಮಾಹಿತಿಯನ್ನು 21 ದಿನದೊಳಗೆ ನೋಂದಾಯಿಸಿದರೆ ತೊಂದರೆಯಿಲ್ಲ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶದವರೆಗೆ ಹೋಗಬೇಕಾಗುತ್ತದೆ. ಆಧಾರ್‌ನಲ್ಲಿ ಮನೆತನದ ಹೆಸರು ಹಿಂದೆ, ಪಹಣಿಯಲ್ಲಿ ಮುಂದೆ, ಬ್ಯಾಂಕಿನಲ್ಲಿ ಬರೀ ಇನಿಶಿಯಲ್ಲು. ಕೊಡಗಿನ ಹೆಸರುಗಳಲ್ಲಿ ಈ ಗೋಜಲು ಸಾಮಾನ್ಯ. ಪ್ರಮಾಣಪತ್ರ ಬರೆಸುವಾಗಲೇ ಪಹಣಿ ಕೈಯಲ್ಲಿರಲಿ.

ಪ್ರಶ್ನೆ: ಅಪ್ಪ ದಿನಾ ಫ್ಯಾಮಿಲಿ ಗ್ರೂಪಿನಲ್ಲಿ ವಾಯ್ಸ್ ಮೆಸೇಜ್ ಹಾಕಿ ನಗಿಸುತ್ತಿದ್ದರು. ಅವರ ಫೋನನ್ನು ತಮ್ಮನ ಮಗ ಬಳಸಲಿ ಎಂದಿದ್ದೇವೆ. ಆ ದನಿಗಳನ್ನು ಉಳಿಸಿಕೊಳ್ಳುವುದು ಹೇಗೆ? (ವಿರಾಜಪೇಟೆ)

ಉತ್ತರ: ದನಿಗಳನ್ನು ಹೊರತೆಗೆಯುವವರೆಗೆ ಫೋನ್ ಯಾರ ಕೈಗೂ ಹೋಗಬಾರದು. ರಿಸೆಟ್ ಮಾಡಿದರೆ ಅಲ್ಲಿಗೆ ಮುಗಿಯಿತು. ವಾಟ್ಸ್ಆ್ಯಪ್ ಖಾತೆ 120 ದಿನ ಬಳಕೆಯಾಗದಿದ್ದರೆ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ರೀಚಾರ್ಜ್ ನಿಲ್ಲಿಸಿದರೆ ಕೆಲ ತಿಂಗಳಲ್ಲಿ ನಂಬರೂ ಕೈಬಿಟ್ಟು ಬೇರೆಯವರ ಪಾಲಾಗುತ್ತದೆ. ಹಾಗಾಗಿ ಸಿಮ್ಮನ್ನು ಮರಣ ಪ್ರಮಾಣಪತ್ರ ಕೊಟ್ಟು ಮನೆಯವರ ಹೆಸರಿಗೆ ಮಾಡಿಸಿಕೊಳ್ಳಿ. ಅದೇ ಫೋನಿನಲ್ಲಿರುವ ಅವರ ಯುಪಿಐ ಬಳಸಿ ದುಡ್ಡು ತೆಗೆಯುವುದು ಮಾತ್ರ ಬೇಡ. ಪಿನ್ ಗೊತ್ತಿದ್ದರೂ ಅದು ತಪ್ಪು, ಮುಂದೆ ವಾರಸುದಾರರ ನಡುವೆ ಮಾತು ಬರುತ್ತದೆ.

ಆಂಡ್ರಾಯ್ಡ್ ಫೋನಾದರೆ ಕೇಬಲ್ ಹಾಕಿ ಕಂಪ್ಯೂಟರಿಗೆ ಜೋಡಿಸಿ. ‘ಆಂಡ್ರಾಯ್ಡ್’ ಫೋಲ್ಡರಿನೊಳಗೆ ‘ಮೀಡಿಯಾ’, ಅದರೊಳಗೆ ವಾಟ್ಸ್ಆ್ಯಪ್‌ನ ಫೋಲ್ಡರ್, ಮತ್ತೆ ‘ಮೀಡಿಯಾ’, ಕೊನೆಗೆ ‘ವಾಟ್ಸ್ಆ್ಯಪ್ ವಾಯ್ಸ್ ನೋಟ್ಸ್’. ಅದನ್ನು ಇಡಿಯಾಗಿ ನಕಲು ಮಾಡಿ. ಫೈಲುಗಳು ಓಪಸ್ ಬಗೆಯವು, ಹೆಸರಿನಲ್ಲಿ ದಿನಾಂಕ ಇರುತ್ತದೆ, ಯಾರ ದನಿ ಎಂಬುದು ಇರುವುದಿಲ್ಲ. ಒಂದೊಂದಾಗಿ ಕೇಳಿ ಬೇರ್ಪಡಿಸಬೇಕು. ವಿಎಲ್‌ಸಿ ಎಂಬ ಪ್ಲೇಯರಿನಲ್ಲಿ ಕೇಳಬಹುದು. ಕಾರಿನಲ್ಲಿ ಹಾಕಲು ಎಂಪಿ3 ಮಾಡಿಕೊಂಡರೂ ಮೂಲ ಓಪಸ್ ಫೈಲನ್ನು ಅಳಿಸಬೇಡಿ, ಬದಲಿಸಿದಾಗಲೆಲ್ಲ ದನಿ ಸ್ವಲ್ಪ ಸವೆಯುತ್ತದೆ. ಅವರ ಫೋನಿನಲ್ಲಿ ಅಳಿಸಿಹೋದದ್ದು ಗ್ರೂಪಿನಲ್ಲಿದ್ದ ಅತ್ತೆಯ ಫೋನಿನಲ್ಲೋ ದುಬೈನಲ್ಲಿರುವ ಅಣ್ಣನ ಫೋನಿನಲ್ಲೋ ಇದ್ದೀತು. ಎಲ್ಲರಿಂದ ಒಮ್ಮೆ ‘ಎಕ್ಸ್‌ಪೋರ್ಟ್ ಚಾಟ್’ ಮಾಡಿಸಿಕೊಳ್ಳಿ. ಕಾಲ್ ರೆಕಾರ್ಡಿಂಗ್ ಫೋಲ್ಡರನ್ನೂ ನೋಡಿ. ಸಿಕ್ಕಿದ್ದನ್ನು ಎರಡು ಪೆನ್ ಡ್ರೈವಿಗೆ ಹಾಕಿ ಎರಡು ಮನೆಯಲ್ಲಿಡಿ, ಒಂದು ಪ್ರತಿ ಕ್ಲೌಡ್‌ನಲ್ಲಿರಲಿ.

ಮದುವೆಯ ವಿಡಿಯೊ ಕ್ಯಾಸೆಟ್ ಇದ್ದರೆ ಕಿಟಕಿಯಂತಿರುವ ಭಾಗದಲ್ಲಿ ಟೇಪನ್ನು ನೋಡಿ. ಬಿಳಿ ಪುಡಿ ಕಂಡರೆ ಯಾವ ವಿಸಿಆರ್‌ಗೂ ಹಾಕಬೇಡಿ. ಬೂಷ್ಟು ಯಂತ್ರದ ಹೆಡ್‌ಗೆ ಮೆತ್ತಿಕೊಂಡು ಟೇಪು ಹರಿಯುತ್ತದೆ.

ಇನ್ನು ಅಪ್ಪನ ಬಗ್ಗೆ ಹಿರಿಯರ ಮಾತು ರೆಕಾರ್ಡ್ ಮಾಡುವುದಿದ್ದರೆ ಮಳೆಗಾಲ ಕಳೆಯಲಿ. ಶೀಟಿನ ಮಾಡಿನ ಕೆಳಗೆ ಜುಲೈ ತಿಂಗಳಲ್ಲಿ ಯಾರ ದನಿಯೂ ಕೇಳದು. ಸುಗ್ಗಿಯ ಹಬ್ಬ ಪುತ್ತರಿಗೆ ಎಲ್ಲರೂ ಸೇರುತ್ತಾರೆ, ಆಗ ಅನುಕೂಲ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಡಚಿದ ಟವೆಲ್ ಮೇಲೆ, ಮಾತಾಡುವವರಿಂದ ಒಂದೂವರೆ ಅಡಿ ದೂರದಲ್ಲಿಡಿ. ಫ್ಯಾನ್, ಟಿವಿ, ಫ್ರಿಜ್ ಬಂದ್. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಉಳಿಸಿ.

ಪ್ರಶ್ನೆ: ಭಾನುವಾರದ ಪಂದಿಕರಿ (ಹಂದಿಮಾಂಸದ ಅಡುಗೆ) ನಮ್ಮಪ್ಪನದೇ ಕೈ. ಅಳತೆ ಬರೆದಿಟ್ಟಿಲ್ಲ. ನಾವು ಮಾಡಿದರೆ ಆ ರುಚಿ ಬರುತ್ತಿಲ್ಲ. ಕಾರಣರಿಗೆ (ಗತಿಸಿದ ಹಿರಿಯರಿಗೆ) ಎಡೆ ಇಡುವಾಗಲಾದರೂ ಅವರ ರೀತಿಯದೇ ಇರಲಿ ಎಂಬ ಆಸೆ. (ಗೋಣಿಕೊಪ್ಪ)

ಉತ್ತರ: ಅವರು ಅಳೆಯುತ್ತಿರಲಿಲ್ಲ ಎಂದು ನಿಮಗನ್ನಿಸುತ್ತದೆ, ಅಷ್ಟೆ. ಅವರ ಅಳತೆ ಪಾತ್ರೆಯಲ್ಲಿ, ಸೌಟಿನಲ್ಲಿ, ಹಿಡಿಯಲ್ಲಿ ಇತ್ತು. ಮೊದಲು ಆ ಪಾತ್ರೆಯನ್ನೂ ಚಮಚವನ್ನೂ ಹುಡುಕಿ. ಚಮಚದಲ್ಲಿ ತಲೆತಟ್ಟಿ ತುಂಬಿದರೆ ಎಷ್ಟು ಗ್ರಾಂ ಎಂದು ತೂಗಿ. ಎಷ್ಟು ಕಿಲೋ ಮಾಂಸ ತರುತ್ತಿದ್ದರು, ಪಾತ್ರೆಯ ಯಾವ ಮಟ್ಟಕ್ಕೆ ಬರುತ್ತಿತ್ತು ಎಂಬುದನ್ನು ಅಮ್ಮನಿಂದ ತಿಳಿಯಿರಿ.

ಆರಂಭಕ್ಕೆ ಒಂದು ಕಿಲೋ ಮಾಂಸದ ಲೆಕ್ಕ ಕೊಡುತ್ತೇವೆ, ಇದರಿಂದ ಅವರ ಕಡೆಗೆ ಹೋಗಿ. ಕೊಬ್ಬು, ತೊಗಲು ಸೇರಿದ ಒಂದಿಂಚಿನ ತುಂಡುಗಳಿಗೆ ಅರ್ಧ ಚಮಚ ಅರಿಶಿನ, ಖಾರದಪುಡಿ, ಉಪ್ಪು ಬೆರೆಸಿ ಅರ್ಧ ಗಂಟೆ ಬಿಡಿ. ಎರಡು ಈರುಳ್ಳಿ, ಒಂದು ಗಡ್ಡೆ ಬೆಳ್ಳುಳ್ಳಿ, ಎರಡಿಂಚು ಶುಂಠಿ, ಆರೇಳು ಹಸಿಮೆಣಸು, ಒಂದು ಹಿಡಿ ಕೊತ್ತಂಬರಿ ಸೊಪ್ಪು ತರಿಯಾಗಿ ಅರೆದು ಸೇರಿಸಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಮುಕ್ಕಾಲರಿಂದ ಒಂದು ಗಂಟೆ ಬೇಯಿಸಿ. ಮಾಂಸ ತಾನೇ ನೀರು ಬಿಡುತ್ತದೆ, ತಳ ಹಿಡಿಯುವಂತಿದ್ದರೆ ಮಾತ್ರ ಬಿಸಿನೀರು. ಹುರಿದ ಪುಡಿಗೆ ಎರಡು ದೊಡ್ಡ ಚಮಚ ಕೊತ್ತಂಬರಿ ಬೀಜ, ಒಂದು ದೊಡ್ಡ ಚಮಚ ಕರಿಮೆಣಸು, ಒಂದು ಸಣ್ಣ ಚಮಚ ಜೀರಿಗೆ, ಅರ್ಧ ಚಮಚ ಸಾಸಿವೆ, ಕಾಲು ಚಮಚ ಮೆಂತ್ಯ. ಕೊನೆಗೆ ಈ ಪುಡಿ, ಒಂದು ದೊಡ್ಡ ಚಮಚ ಕಾಚಂಪುಳಿ (ಕೊಡಗಿನ ಕಪ್ಪು ಹಣ್ಣಿನ ಹುಳಿ) ಹಾಕಿ ಹತ್ತು ನಿಮಿಷ ಕುದಿಸಿ.

ರುಚಿ ತಪ್ಪುವುದು ಹೆಚ್ಚಾಗಿ ಮೂರು ಕಡೆ. ಒಂದು, ಹುರಿಯುವ ಹದ. ಕೊತ್ತಂಬರಿ ಕಂದಾದಾಗ ಇಳಿಸುವವರಿದ್ದಾರೆ, ಕಪ್ಪಿನ ಅಂಚಿಗೆ ಬಂದಾಗ ಇಳಿಸುವವರಿದ್ದಾರೆ. ಬಣ್ಣವೂ ಘಮವೂ ಅಲ್ಲೇ ಬೇರೆಯಾಗುತ್ತದೆ. ಮೆಂತ್ಯವನ್ನು ಕೊನೆಗೆ ಹಾಕಿ, ಸೀದರೆ ಇಡೀ ಪುಡಿ ಕಹಿ. ಎರಡು, ಕಾಚಂಪುಳಿ. ಒಂದು ಮನೆಯದು ಜೇನಿನಷ್ಟು ಮಂದ, ಇನ್ನೊಂದು ನೀರು. ಅಪ್ಪ ಯಾರಿಂದ ತರಿಸುತ್ತಿದ್ದರೋ ಅವರಿಂದಲೇ ತರಿಸಿ. ಮೊದಲೇ ಹಾಕಿದರೆ ಹುಳಿಗೆ ಮಾಂಸ ಬೇಗ ಮೆತ್ತಗಾಗುವುದಿಲ್ಲ. ಹುಣಸೆ ಹುಳಿಯಿಂದ ಆ ಕಪ್ಪು ಬಣ್ಣ ಬರದು. ಮೂರು, ಕುಕ್ಕರ್. ಸಮಯ ಉಳಿಯುತ್ತದೆ, ಆದರೆ ನೀರು ಹೆಚ್ಚಾಗಿ ಮಸಾಲೆ ತುಂಡಿಗೆ ಹಿಡಿಯುವುದಿಲ್ಲ.

ಪರೀಕ್ಷೆಗೆ ಪ್ರತಿ ಸಲ ಕಾಲು ಕಿಲೋ ಮಾತ್ರ ಮಾಡಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಈ ವಾರ ಹುರಿಯುವ ಹದ, ಮುಂದಿನ ವಾರ ಕಾಚಂಪುಳಿ. ಅವರ ಕೈಯಡುಗೆ ಉಂಡ ಮೂವರಿಗೆ ಬಡಿಸಿ, ಒಬ್ಬರ ಎದುರು ಇನ್ನೊಬ್ಬರು ಹೇಳದಂತೆ ಬೇರೆ ಬೇರೆಯಾಗಿ ಕೇಳಿ. ಗುಂಪಿನಲ್ಲಿ ಕೇಳಿದರೆ ಮೊದಲು ಮಾತಾಡಿದವರ ಮಾತೇ ಎಲ್ಲರದ್ದು. ಮಾಡಿದ ದಿನವೇ ತಿನ್ನುತ್ತಿದ್ದರೋ ಮಾರನೆಯ ದಿನ ಬಿಸಿ ಮಾಡಿ ಕಡಂಬುಟ್ಟಿನ (ಅಕ್ಕಿತರಿಯ ಉಂಡೆ) ಜೊತೆಗೋ ಎಂಬುದನ್ನೂ ವಿಚಾರಿಸಿ, ನಿಮ್ಮ ನೆನಪಿನ ರುಚಿ ಎರಡನೇ ದಿನದ್ದಿರಬಹುದು. ಹದ ಸಿಕ್ಕ ದಿನ ಗ್ರಾಂ ಲೆಕ್ಕದಲ್ಲಿ ಬರೆದು, ‘ಈ ಹೊತ್ತಿಗೆ ಅಪ್ಪ ಮುಚ್ಚಳ ತೆಗೆದು ಹೀಗನ್ನುತ್ತಿದ್ದರು’ ಎಂಬುದನ್ನೂ ಅದೇ ಹಾಳೆಯಲ್ಲಿ ಸೇರಿಸಿ.

ಪ್ರಶ್ನೆ: ಅಪ್ಪನ ಕತ್ತಿ, ಪ್ರೂನಿಂಗ್ ಗರಗಸ ಮತ್ತು ಕೋವಿಯನ್ನು ನೆನಪಿಗಾಗಿ ಗೋಡೆಗೆ ಹಾಕಬೇಕೆಂದಿದ್ದೇವೆ. (ಪೊನ್ನಂಪೇಟೆ)

ಉತ್ತರ: ಕೋವಿಯ ಮಾತು ಮೊದಲು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿ 2029ರ ಅಕ್ಟೋಬರ್ 31ರವರೆಗೆ ವಿಸ್ತರಣೆಯಾಗಿದೆ ನಿಜ. ಆದರೆ ಅಪ್ಪನ ವಿನಾಯಿತಿ ಪತ್ರ ಅಪ್ಪನ ಹೆಸರಿನದು. ಅವರ ಕಾಲಾನಂತರ ಅದೇ ಪತ್ರದ ಮೇಲೆ ಕೋವಿ ಮನೆಯಲ್ಲಿರುವಂತಿಲ್ಲ. ಠಾಣೆಗೆ ತಿಳಿಸಿ, ಅಲ್ಲಿ ಅಥವಾ ಪರವಾನಗಿ ಇರುವ ಕೋವಿ ಅಂಗಡಿಯಲ್ಲಿ ಇರಿಸಿ ರಶೀದಿ ಪಡೆಯಿರಿ. ಯಾರ ಹೆಸರಿಗೆ ಬರಬೇಕೋ ಅವರು ಜಿಲ್ಲಾಧಿಕಾರಿ ಕಚೇರಿಯಲ್ಲಿ ತಮ್ಮ ಪತ್ರ ಮಾಡಿಸಿಕೊಂಡ ಮೇಲೆ ಬಿಡಿಸಿಕೊಳ್ಳಲಿ. ಹೀಗೆ ಮಾಡಿದರೆ ಆಯುಧ ಪೂಜಿಸುವ ಹಬ್ಬ ಕೈಲ್‌ಪೊಳ್ದ್‌ಗೆ ಅಪ್ಪನ ಕೋವಿಗೆ ನಿಶ್ಚಿಂತೆಯಿಂದ ಹೂವಿಡಬಹುದು.

ಕತ್ತಿಯನ್ನು ಹೊಸದರಂತೆ ಉಜ್ಜಿ ಹೊಳಪಿಸಬೇಡಿ. ಹಿಡಿಯಲ್ಲಿ ಹೆಬ್ಬೆರಳು ಕೂತು ಸವೆದ ಗುಳಿ ಇರುತ್ತದೆ, ಅದೇ ಅವರ ಸಹಿ. ಎದ್ದ ತುಕ್ಕನ್ನು ಮಾತ್ರ ತಂತಿ ಬ್ರಷ್‌ನಿಂದ ತೆಗೆದು, ಬಟ್ಟೆಯಿಂದ ಒರೆಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳ್ಳಗೆ ಸವರಿ. ಕೊಬ್ಬರಿ ಎಣ್ಣೆ ಕಮಟುತ್ತದೆ, ಇರುವೆ ಬರುತ್ತದೆ. ಮರದ ಹಿಡಿಗೆ ಅಗಸೆ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ಒರೆಸಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗಿ ತಾನೇ ಹೊತ್ತಿಕೊಳ್ಳುವುದುಂಟು. ಹರಡಿ ಒಣಗಿಸಿ. ಮಳೆಗಾಲದಲ್ಲಿ ವಾರ್ನಿಷ್ ಮಾಡಿಸಿದರೆ ತೇವ ಒಳಗೆ ಸಿಕ್ಕಿ ಹಾಲು ಚೆಲ್ಲಿದಂತೆ ಬಿಳಿಚುತ್ತದೆ, ಜನವರಿವರೆಗೆ ಕಾಯಿರಿ. ಮಗುವಿನ ಕೈಗೆಟುಕದ ಎತ್ತರದಲ್ಲಿ, ಬಾಯಿ ಗೋಡೆಯ ಕಡೆಗಿರಲಿ.

ಪ್ರಶ್ನೆ: ಅಪ್ಪನ ಹೆಸರಲ್ಲಿ ಮನೆಯ ಹತ್ತಿರ ಒಂದು ಹಲಸಿನ ಗಿಡ ನೆಡಬೇಕು. ಬುಡಕ್ಕೆ ಅವರ ಬೂದಿ ಹಾಕಬಹುದೇ? (ಸಿದ್ದಾಪುರ)

ಉತ್ತರ: ಸಿದ್ದಾಪುರದಲ್ಲಿ, ಮನೆಯ ಹತ್ತಿರ, ಹಲಸು? ಕಾಯಿ ಬಲಿಯುವ ಹೊತ್ತಿಗೆ ಆನೆ ಅಂಗಳಕ್ಕೆ ಬರುತ್ತದೆ. ಇರುವ ಹಲಸಿನ ಕಾಯಿಗಳನ್ನೇ ಎಳತರಲ್ಲಿ ಇಳಿಸುತ್ತಿರುವ ತೋಟಗಳು ನಿಮ್ಮ ಸುತ್ತಲೇ ಇವೆ. ಸಂಪಿಗೆ ನೆಡಿ. ಕೊಡಗಿನ ಮಣ್ಣಿಗೆ ಒಗ್ಗಿದ ಮರ, ಹಣ್ಣಿಗೆ ಹಕ್ಕಿ ಬರುತ್ತದೆ, ಕಾಫಿಗೆ ನೆರಳೂ ಆಗುತ್ತದೆ. ಮನೆಯಿಂದ ಮೂವತ್ತು ಅಡಿ, ಕರೆಂಟ್ ಲೈನಿನಿಂದ ಇನ್ನೂ ದೂರ.

ಎರಡಡಿ ಉದ್ದ, ಅಗಲ, ಆಳದ ಗುಂಡಿಯನ್ನು ಏಪ್ರಿಲ್–ಮೇ ತಿಂಗಳಲ್ಲೇ ತೆಗೆದು ಬಿಸಿಲಿಗೆ ಬಿಡಿ. ಮೇಲ್ಮಣ್ಣಿಗೆ ಹತ್ತು ಕಿಲೋ ಕಳಿತ ಗೊಬ್ಬರ ಬೆರೆಸಿ ತುಂಬಿ, ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಎರಡು ಮೂರು ಅಡಿಯ ಸಸಿ ನೆಡಿ. ಪ್ಲಾಸ್ಟಿಕ್ ಚೀಲವನ್ನು ಪೂರ್ತಿ ತೆಗೆಯಿರಿ. ತಳ ಮಾತ್ರ ಕೊಯ್ದು ನೆಟ್ಟ ಗಿಡದ ಬೇರು ಒಳಗೇ ಸುತ್ತಿಕೊಂಡು ನಾಲ್ಕೈದು ವರ್ಷದಲ್ಲಿ ಗಾಳಿಗೆ ಉರುಳುತ್ತದೆ. ಬುಡ ನೆಲಮಟ್ಟಕ್ಕಿಂತ ತುಸು ಎತ್ತರವಿರಲಿ, ತಗ್ಗಿದ್ದರೆ ಆಟಿಯ ಮಳೆಗೆ ನೀರು ನಿಂತು ಕೊಳೆಯುತ್ತದೆ. ಗಾಳಿ ಬರುವ ನೈಋತ್ಯ ದಿಕ್ಕಿಗೆ ಊರುಗೋಲು ಕೊಟ್ಟು ಬಾಳೆನಾರಿನಿಂದ ಸಡಿಲವಾಗಿ ಕಟ್ಟಿ, ನೈಲಾನ್ ಹಗ್ಗ ತೊಗಟೆಯನ್ನು ಕೊಯ್ಯುತ್ತದೆ.

ಬೂದಿಯಲ್ಲಿ ಕ್ಷಾರವೂ ಉಪ್ಪೂ ಹೆಚ್ಚು, ಬೇರಿಗೆ ನೇರ ತಾಗಿದರೆ ಎಳೆಗಿಡ ಸುಡುತ್ತದೆ. ಸಂಗಮದಲ್ಲಿ ಬಿಟ್ಟು ಉಳಿದದ್ದರಲ್ಲಿ ಒಂದು ಹಿಡಿಯಷ್ಟನ್ನು ಒಂದು ಬುಟ್ಟಿ ಮಣ್ಣಿಗೆ ಬೆರೆಸಿ, ಬುಡದಿಂದ ಎರಡಡಿ ದೂರಕ್ಕೆ ಸುತ್ತಲೂ ಚೆಲ್ಲಿದರೆ ಸಾಕು. ಹೆಸರಿನ ಹಲಗೆಯನ್ನು ಮರಕ್ಕೆ ಮೊಳೆ ಹೊಡೆಯಬೇಡಿ. ಒಂದೂವರೆ ಅಡಿಯ ಗ್ರಾನೈಟ್ ಕಲ್ಲನ್ನು ಅರ್ಧ ಅಡಿ ಹೂಳಿ ನಿಲ್ಲಿಸಿ. ಅಕ್ಷರ ಕನಿಷ್ಠ ಮೂರು ಮಿ.ಮೀ. ಆಳಕ್ಕೆ ಕೊರೆಸಿ, ಮುಖ ಪಾಲಿಶ್ ಆಗಿರಲಿ. ಒರಟು ಕಲ್ಲಿಗೆ ಒಂದೇ ಮಳೆಗಾಲದಲ್ಲಿ ಪಾಚಿ ಕಟ್ಟಿ ಹೆಸರು ಮುಚ್ಚುತ್ತದೆ. ತುಂಬಿದ ಬಿಳಿ ಬಣ್ಣ ಎರಡು ಮೂರು ವರ್ಷಕ್ಕೆ ಮಾಸುತ್ತದೆ, ಎನಾಮೆಲ್ ಮತ್ತು ಸಣ್ಣ ಕುಂಚ ಇದ್ದರೆ ಮಕ್ಕಳೇ ತುಂಬಬಹುದು.